ಘಾಟಿಗೆ ತಕ್ಕ ಹದ: ಒಂದು ಹಳೆಯ ರೋಡ್‌ಕಿಂಗನ್ನು ಸರಿಪಡಿಸಿದ ಬಗೆ

2025ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಚಾರ್ಮಾಡಿ ಘಾಟಿಯನ್ನು ಪೂರ್ತಿ ಇಳಿದು, ಕಕ್ಕಿಂಜೆ ದಾಟಿ, ಮುಂದೆ ನೇರ ರಸ್ತೆ ಕಂಡಿತೆಂದು ಆಕ್ಸಿಲರೇಟರನ್ನು ಕೊನೆಯವರೆಗೆ ತಿರುವಿದ ಅರ್ಧ ನಿಮಿಷದೊಳಗೆ ನನ್ನ ಯೆಜ್ಡಿ ರೋಡ್‌ಕಿಂಗ್ ಮೋಟಾರು ಸೈಕಲ್ಲಿನ ಹಿಂದಿನ ಚಕ್ರ ಒಮ್ಮೆಲೇ ಬಿಗಿಹಿಡಿದು ಡಾಂಬರಿನ ಮೇಲೆ ಜಾರತೊಡಗಿತು. ಪೆಟ್ರೋಲಿಗೇ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಗಾಡಿ ಓಡಿಸುವವರ ಎಡಗೈಯ ಎರಡು ಬೆರಳುಗಳು ಸದಾ ಕ್ಲಚ್ಚಿನ ಮೇಲಿರಬೇಕು ಎಂದು ಹಳಬರು ಹೇಳುತ್ತಿದ್ದುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದರಿಂದ ಬಿದ್ದು ಕೈಕಾಲು ಮುರಿದುಕೊಳ್ಳಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಿಕ್ಕರನ್ನು ಕೈಯಿಂದ ಒತ್ತಿದಾಗ ಅದು ಒರಟಾಗಿ, ಮರಳು ಅರೆಯುವಂತೆ ಕೆಳಗಿಳಿಯಿತು. ಪಿಸ್ಟನ್ ಸೀಜ್ ಆಗಿತ್ತು, ಅಂದರೆ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು.

ಈ ಗಾಡಿಯನ್ನು ನಾನು ಕೊಂಡದ್ದು ‘ಟ್ಯೂನ್ ಮಾಡಿದ ಗಾಡಿ’ ಎಂಬ ಹೆಸರಿನಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಮೋಟಾರು ಸೈಕಲ್ಲುಗಳಲ್ಲಿ ರೋಡ್‌ಕಿಂಗ್ ಹೆಚ್ಚು ಬಲದ್ದೆಂದು ಹೆಸರು ಪಡೆದಿತ್ತು. ಒಂದೇ ಸಿಲಿಂಡರು, ಸುಮಾರು 250 ಸಿಸಿ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಕಾರ್ಖಾನೆ ಹೇಳಿಕೊಂಡಿದ್ದ 16 ಅಶ್ವಶಕ್ತಿ. ಹಿಂದಿನ ಮಾಲೀಕರು ಅದು ಸಾಲದೆಂದು ಏರ್ ಫಿಲ್ಟರಿನ ಡಬ್ಬಿಯನ್ನು ಕಿತ್ತು ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿಸಿದ್ದರು, ಸೈಲೆನ್ಸರುಗಳ ಒಳಗಿದ್ದು ಸದ್ದು ತಗ್ಗಿಸುವ ಬಫಲ್ ಕೊಳವೆಗಳನ್ನು ತೆಗೆಸಿದ್ದರು, ಸಿಲಿಂಡರಿನಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಕಿಂಡಿಗಳನ್ನು ಗ್ರೈಂಡರಿನಿಂದ ಮೇಲಕ್ಕೆ ಅರೆಸಿದ್ದರು, ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ತೀರಾ ಬಿಗಿಯಾದ ಹಂತಕ್ಕೆ ತಿರುಗಿಸಿದ್ದರು. ಗಾಡಿ ಶುರುವಾದರೆ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು, ಆ ಸದ್ದನ್ನೇ ನಾನು ಶಕ್ತಿಯೆಂದು ತಿಳಿದಿದ್ದೆ. ಇವೆಲ್ಲವನ್ನೂ ಒಂದೊಂದಾಗಿ ಬಿಚ್ಚಿ, ಅಳೆದು, ನಾನು ನಿಜವಾಗಿ ಹೋಗುವ ದಾರಿಗೆ, ಅಂದರೆ ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲಾಗಿ ಬೆಳ್ತಂಗಡಿಯ ಕಡೆಗೆ ಇಳಿಯುವ ದಾರಿಗೆ, ಹೊಂದುವಂತೆ ಹದ ಮಾಡಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಯಾವ ರಸ್ತೆಗೆ, ಯಾವ ಎತ್ತರಕ್ಕೆ, ಎಷ್ಟು ತೂಕಕ್ಕೆ ಎಂಬುದನ್ನು ಕೇಳದೆ ಮಾಡುವ ಟ್ಯೂನಿಂಗಿಗೆ ಅರ್ಥವಿಲ್ಲ ಎಂಬುದು ಈ ವರ್ಷದಲ್ಲಿ ನನಗೆ ಮನದಟ್ಟಾಯಿತು.

ಹೆಡ್ಡನ್ನೂ ಸಿಲಿಂಡರನ್ನೂ ಬಿಚ್ಚಿದಾಗ ಪಿಸ್ಟನ್ನಿನ ಮೇಲಿನ ಗೀರುಗಳು ಎಕ್ಸಾಸ್ಟ್ ಕಡೆಗೆ ಆಳವಾಗಿಯೂ ಪೆಟ್ರೋಲ್ ಒಳಬರುವ ಕಡೆಗೆ ತೆಳುವಾಗಿಯೂ ಇದ್ದವು. ಎಣ್ಣೆಯೇ ಸಿಗದೆ ಹಿಡಿದಿದ್ದರೆ ಗೀರುಗಳು ಸುತ್ತಲೂ ಹರಡಿರುತ್ತಿದ್ದವು. ಎಕ್ಸಾಸ್ಟ್ ಕಡೆಗೇ ಒತ್ತಾಗಿದ್ದವೆಂದರೆ ಮಿಶ್ರಣ ತೆಳುವಾಗಿ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿ, ಪಿಸ್ಟನ್ ಮಿತಿಮೀರಿ ಕಾದು ಉಬ್ಬಿತ್ತು ಎಂದರ್ಥ. ತೆಳುವಾದದ್ದು ಏಕೆ ಎಂದು ಹುಡುಕುತ್ತಾ ಹೋದಂತೆ ಒಂದಲ್ಲ, ನಾಲ್ಕು ಸಣ್ಣ ಕಾರಣಗಳು ಒಂದರ ಮೇಲೊಂದು ಕೂತಿರುವುದು ಕಂಡಿತು.

ತೆರೆದ ಫಿಲ್ಟರು ಮೊದಲನೆಯದು. ಗಾಳಿ ಸಲೀಸಾಗಿ ಬರುವಂತೆ ಮಾಡಿದವರು ಅದಕ್ಕೆ ತಕ್ಕಂತೆ ಮೇನ್ ಜೆಟ್ಟನ್ನು, ಅಂದರೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹರಿಯುವ ಮುಖ್ಯ ತೂತನ್ನು, ದೊಡ್ಡದು ಮಾಡಿರಲಿಲ್ಲ. ಎರಡನೆಯದು ಎತ್ತರ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಘಾಟಿಯ ಬುಡದ ಊರುಗಳು ಹೆಚ್ಚೆಂದರೆ ಇನ್ನೂರು ಮೀಟರಿನ ಆಸುಪಾಸಿನಲ್ಲಿವೆ. ಕೆಳಗಿಳಿದಂತೆ ಗಾಳಿ ದಟ್ಟವಾಗುತ್ತದೆ. ಕರಾವಳಿಯ ಸೆಖೆಯನ್ನು ಲೆಕ್ಕಕ್ಕೆ ಹಿಡಿದರೂ ನೂರಕ್ಕೆ ಆರೇಳರಷ್ಟು ಹೆಚ್ಚು ಗಾಳಿ ಅದೇ ಸಿಲಿಂಡರಿನೊಳಕ್ಕೆ ಬರುತ್ತದೆ. ಕಾರ್ಬ್ಯುರೇಟರು ಇದರಲ್ಲಿ ಅರ್ಧದಷ್ಟನ್ನು ತಾನಾಗಿ ಸರಿದೂಗಿಸುತ್ತದೆ, ಏಕೆಂದರೆ ದಟ್ಟ ಗಾಳಿ ಜೆಟ್ಟಿನಿಂದ ಪೆಟ್ರೋಲನ್ನು ಸ್ವಲ್ಪ ಹೆಚ್ಚೇ ಸೆಳೆಯುತ್ತದೆ. ಉಳಿದ ಅರ್ಧ, ನೂರಕ್ಕೆ ಮೂರರಷ್ಟು, ಮಿಶ್ರಣ ತೆಳುವಾಗಿಯೇ ಉಳಿಯುತ್ತದೆ. ಹಾಸನದಲ್ಲಿ, ಮಿಶ್ರಣದ ಹದವನ್ನು ತೋರಿಸುವ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ‘ಸರಿಯಾಗಿದೆ’ ಎಂದು ತೀರ್ಮಾನಿಸಿದ ಗಾಡಿ ಉಜಿರೆಯಲ್ಲಿ ಸರಿಯಾಗಿರುವುದಿಲ್ಲ.

ಮೂರನೆಯದು ಪೆಟ್ರೋಲಿನಲ್ಲಿರುವ ಎಥನಾಲ್. ಕಾರ್ಖಾನೆ ಈ ಗಾಡಿಗೆ ಜೆಟ್ಟುಗಳನ್ನು ನಿಗದಿ ಮಾಡಿದ್ದು ಎಥನಾಲ್ ಬೆರೆಸದ ಪೆಟ್ರೋಲಿನ ಕಾಲದಲ್ಲಿ. ಅಪ್ಪಟ ಪೆಟ್ರೋಲು ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟರಷ್ಟು ಹೆಚ್ಚು ಇಂಧನ ಹರಿಯಬೇಕು, ಜೆಟ್ಟಿನ ತೂತು ಮಾತ್ರ ಹಿಂದಿನಷ್ಟೇ ಇದೆ. ಸೆನ್ಸರು ಮತ್ತು ಇಂಜೆಕ್ಷನ್ ಇರುವ ಹೊಸ ಗಾಡಿಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಹಿತ್ತಾಳೆಯ ಜೆಟ್ಟಿಗೆ ಆ ಬುದ್ಧಿಯಿಲ್ಲ.

ನಾಲ್ಕನೆಯ ಕಾರಣ ನಾನೇ. ಗಾಡಿ ಹಳೆಯದು, ಎಣ್ಣೆ ಹೆಚ್ಚಿದ್ದರೆ ಒಳ್ಳೆಯದೆಂದು ಲೀಟರಿಗೆ 40 ಮಿಲಿ ಹಾಕುವ ಕಡೆ 60 ಮಿಲಿ ಹಾಕುತ್ತಿದ್ದೆ. ಎಣ್ಣೆ ಹೆಚ್ಚಾದಷ್ಟೂ ಜೆಟ್ಟಿನಿಂದ ಹರಿಯುವ ದ್ರವದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ದ್ರವ ಮಂದವಾಗಿ ಹರಿವೂ ತಗ್ಗುತ್ತದೆ. ವ್ಯತ್ಯಾಸ ಸಣ್ಣದೇ ಆದರೂ ಉಳಿದ ಮೂರು ಕಾರಣಗಳು ಎಳೆಯುತ್ತಿದ್ದ ದಿಕ್ಕಿಗೇ ಇದೂ ಎಳೆಯುತ್ತಿತ್ತು. ಇದರ ಮೇಲೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿ, ಗೇರಿನ ಹಿಡಿತದಲ್ಲೇ ಇಪ್ಪತ್ತು ಕಿಲೋಮೀಟರು ಬಂದಿದ್ದೆ. ಎಣ್ಣೆ ಪೆಟ್ರೋಲಿನೊಡನೆಯೇ ಬರುವ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಎಣ್ಣೆಯೂ ನಿಂತಂತೆಯೇ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಹಾಗೆ ಒಣಗಿದ ಸಿಲಿಂಡರಿಗೆ ಬುಡದಲ್ಲಿ ಒಮ್ಮೆಲೇ ಪೂರ್ತಿ ಭಾರ ಕೊಟ್ಟಿದ್ದೆ. ಈಗ ಇಳಿಯುವಾಗ ಪ್ರತಿ ತಿರುವಿಗೆ ಮೊದಲು ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ಕೊಡುತ್ತೇನೆ. ಹಿಂದೆ ಬರುವವರಿಗೆ ಇದು ಚಪಲದಂತೆ ಕಾಣಬಹುದು.

ಸರಿಪಡಿಸುವ ಕೆಲಸವನ್ನು ಸಿಲಿಂಡರಿನಿಂದಲೇ ಆರಂಭಿಸಬೇಕಾಯಿತು. ಎಕ್ಸಾಸ್ಟ್ ಕಿಂಡಿಗಳ ಮೇಲಂಚನ್ನು ಮತ್ತೊಂದು ಹಳೆಯ, ಮುಟ್ಟದ ಸಿಲಿಂಡರಿನ ಜೊತೆ ಹೋಲಿಸಿ ಅಳೆದಾಗ ಮೂರು ಮಿಲಿಮೀಟರಿನಷ್ಟು ಮೇಲಕ್ಕೆ ಹೋಗಿತ್ತು, ಅದೂ ಎಡಕ್ಕೂ ಬಲಕ್ಕೂ ಸಮನಾಗಿರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನೇ ಬಾಗಿಲು, ಕಿಂಡಿಯ ಅಂಚೇ ಗಡಿಯಾರ. ಎಕ್ಸಾಸ್ಟ್ ಕಿಂಡಿಯ ಅಂಚು ಮೇಲೆ ಹೋದರೆ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಎಂಜಿನ್ ಬಹಳ ವೇಗವಾಗಿ ತಿರುಗುವಾಗ ಹೊಗೆ ಹೊರಹೋಗಲು ಸಮಯ ಸಿಕ್ಕಿ ಶಕ್ತಿ ಹೆಚ್ಚುತ್ತದೆ, ನಿಧಾನವಾಗಿ ತಿರುಗುವಾಗ ಒಳಬಂದ ಹೊಸ ಮಿಶ್ರಣವೂ ಹೊಗೆಯೊಡನೆ ಹೊರಟುಹೋಗುತ್ತದೆ. ಬೋರು (ಸಿಲಿಂಡರಿನ ಒಳವ್ಯಾಸ) 65, ಸ್ಟ್ರೋಕು (ಪಿಸ್ಟನ್ ಓಡುವ ದೂರ) 75 ಮಿಲಿಮೀಟರ್ ಇರುವ ಈ ಉದ್ದ ಹೊಡೆತದ ಎಂಜಿನ್ನಿನ ಸ್ವಭಾವವೇ ಕೆಳಗಿನ ವೇಗದಲ್ಲಿ ಎಳೆಯುವುದು. ಅದನ್ನು ಪಂದ್ಯದ ಗಾಡಿಯಂತೆ ಕೂಗಿಸಲು ಹೋಗಿ ಕೆಳಗಿನ ಎಳೆತವನ್ನೇ ಕಳೆದಿದ್ದರು. ಚಾರ್ಮಾಡಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಮೇಲೇಳದೆ ಒಂದನೇ ಗೇರಿಗೆ ಬರಬೇಕಾಗುತ್ತಿದ್ದುದಕ್ಕೆ ಕಾರಣ ಆಗ ತಿಳಿಯಿತು.

ಅರೆದ ಲೋಹವನ್ನು ಮರಳಿ ಅಂಟಿಸಲಾಗದು. ಆದ್ದರಿಂದ ಹೋಲಿಕೆಗೆಂದು ಎರವಲು ತಂದಿದ್ದ ಆ ಹಳೆಯ ಸಿಲಿಂಡರನ್ನೇ ಕೊಂಡುಕೊಂಡು, 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ನಿಗೆ ಹೊಂದುವಂತೆ ಕೊರೆಸಿ ಬೋರ್ ಮಾಡಿಸಿದೆ. ಬೋರ್ ಮಾಡಿದ ಮೇಲೆ ಕಿಂಡಿಗಳ ಅಂಚು ಬ್ಲೇಡಿನಂತೆ ಹರಿತವಾಗುತ್ತದೆ. ಅದನ್ನು ಸಣ್ಣ ಅರದಿಂದ ಒಳಗಿನಿಂದ ನಯವಾಗಿ ಮುರಿಯದಿದ್ದರೆ ಪಿಸ್ಟನ್ ರಿಂಗು ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಲೇತ್ ಅಂಗಡಿಯವರು ಇದನ್ನು ಮಾಡಿಕೊಡುವುದು ಅಪರೂಪ, ಕೇಳುವವರು ಇನ್ನೂ ಅಪರೂಪ. ಇದೇ ಸಮಯದಲ್ಲಿ ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲುಗಳನ್ನು ಬದಲಿಸಿದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸೇ ಮಿಶ್ರಣವನ್ನು ಸಿಲಿಂಡರಿಗೆ ದೂಡುವ ಪಂಪು. ಅಲ್ಲಿ ಸೀಲು ಸೋರಿದರೆ ಮ್ಯಾಗ್ನೆಟೊ ಕಡೆಯಿಂದ ಕಾರ್ಬ್ಯುರೇಟರಿಗೆ ಗೊತ್ತಾಗದ ಗಾಳಿ ಒಳಬರುತ್ತದೆ, ಕ್ಲಚ್ಚಿನ ಕಡೆಯಿಂದ ಗೇರ್ ಎಣ್ಣೆ ಒಳಬಂದು ಬಿಳಿ ಹೊಗೆಯಾಗುತ್ತದೆ. ಕಿಂಡಿಗಳನ್ನು ರಬ್ಬರಿನಿಂದ ಮುಚ್ಚಿ, ಸೈಕಲ್ ಪಂಪಿನಿಂದ ಐದಾರು ಪೌಂಡು ಒತ್ತಡ ಕೊಟ್ಟು, ಮುಳ್ಳು ಕೆಲವು ನಿಮಿಷ ನಿಲ್ಲುತ್ತದೆಯೇ ಎಂದು ನೋಡಿದರೆ ಸೋರಿಕೆ ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಜೆಟ್ ಬದಲಿಸಲು ಕೂರುವುದು ತೂತಿನ ಕೊಡಕ್ಕೆ ನೀರು ಅಳೆದು ಹಾಕಿದಂತೆ.

ಸೈಲೆನ್ಸರಿನ ವಿಷಯದಲ್ಲಿ ನನ್ನ ತಿಳಿವಳಿಕೆ ಪೂರ್ತಿ ತಲೆಕೆಳಗಾಗಿತ್ತು. ಹೊಗೆಗೆ ಅಡ್ಡಿಯಿಲ್ಲದಿದ್ದರೆ ಎಂಜಿನ್ ಹಗುರವಾಗಿ ಉಸಿರಾಡುತ್ತದೆ ಎಂಬುದು ನಾವೆಲ್ಲ ನಂಬಿದ ಮಾತು. ಟೂ ಸ್ಟ್ರೋಕಿಗೆ ಇದು ಪೂರ್ತಿ ಹೊಂದುವುದಿಲ್ಲ. ಕಿಂಡಿ ತೆರೆದಾಗ ಹೊರಟ ಒತ್ತಡದ ಅಲೆ ಕೊಳವೆಯ ಕೊನೆಯ ಇಕ್ಕಟ್ಟಿಗೆ ಬಡಿದು ಮರಳಿ ಬರುತ್ತದೆ, ಸರಿಯಾದ ಹೊತ್ತಿಗೆ ಬಂದರೆ ಹೊರಗೆ ಜಾರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿನೊಳಕ್ಕೇ ದೂಡುತ್ತದೆ. ಇದನ್ನು ಲೆಕ್ಕಹಾಕಿ ಪಳಗಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರಲ್ಲಿ ಅವರ 125 ಸಿಸಿ ಪಂದ್ಯದ ಎಂಜಿನ್ 25 ಅಶ್ವಶಕ್ತಿ ಮುಟ್ಟಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ಪಂದ್ಯದ ಹೊತ್ತಿಗೆ ಪಶ್ಚಿಮಕ್ಕೆ ತಪ್ಪಿಸಿಕೊಂಡು ಆ ವಿದ್ಯೆಯನ್ನು ಸುಜುಕಿಗೆ ಒಯ್ದರು, 1962ರಲ್ಲಿ ಸುಜುಕಿ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದಿತು. ಒಂದು ಕೊಳವೆಯ ಆಕಾರಕ್ಕಾಗಿ ಒಬ್ಬ ಮನುಷ್ಯ ದೇಶ ಬಿಡುವಷ್ಟು ಬೆಲೆಯಿತ್ತು; ನಮ್ಮಲ್ಲಿ ಅದರ ಒಳಭಾಗವನ್ನು ಸದ್ದಿಗೆಂದು ಕಿತ್ತು ಗುಜರಿಗೆ ಹಾಕುತ್ತೇವೆ. ರೋಡ್‌ಕಿಂಗಿನದು ಪಂದ್ಯದ ಕೊಳವೆಯಲ್ಲ, ನಿಜ. ಆದರೂ ಬಫಲ್ ಮರಳಿ ಹಾಕಿದ ದಿನವೇ ನಡು ವೇಗದ ಎಳೆತ ಮರಳಿ ಬಂತು. ಸಿಕ್ಕ ಹಳೆಯ ಬಫಲ್ಲುಗಳಿಗೆ ಕಾರ್ಬನ್ ಗಟ್ಟಿಯಾಗಿ ಹಿಡಿದಿತ್ತು, ಅವನ್ನು ಕಾಸ್ಟಿಕ್ ಸೋಡಾದಲ್ಲಿ ಒಂದು ರಾತ್ರಿ ನೆನೆಸಿ ತೊಳೆದೆ. ಅಲ್ಯುಮಿನಿಯಂ ಭಾಗಗಳನ್ನು ಆ ನೀರಿಗೆ ಹಾಕಬಾರದು, ಕರಗಿಹೋಗುತ್ತವೆ.

ಇಗ್ನಿಷನ್ನಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟ್ ಅಂತರ 0.4 ಮಿಲಿಮೀಟರ್, ಕಿಡಿ ಹಾರುವುದು ಪಿಸ್ಟನ್ ತುದಿ ಮುಟ್ಟಲು 3 ಮಿಲಿಮೀಟರ್ ಇರುವಾಗ. ಸ್ಕ್ರೂಡ್ರೈವರನ್ನು ಪ್ಲಗ್ ತೂತಿನಲ್ಲಿಟ್ಟು ಅಂದಾಜು ಮಾಡುವುದನ್ನು ಬಿಟ್ಟು ಡಯಲ್ ಗೇಜ್ ಬಳಸಿದರೆ ಸಾಕು.

ಜೆಟ್ ಹೊಂದಿಸುವುದು ತಾಳ್ಮೆಯ ಕೆಲಸ. ಮೊದಲು ತೆರೆದ ಫಿಲ್ಟರನ್ನು ತೆಗೆದು ಹಳೆಯ ಡಬ್ಬಿಯನ್ನು ಮರಳಿ ಕೂರಿಸಿದೆ, ಲೆಕ್ಕದಿಂದ ಒಂದು ಕಾರಣ ಹೋಯಿತು. ಎಥನಾಲಿನ ಎಂಟು, ಎತ್ತರದ ಮೂರು ಸೇರಿ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ಹರಿವು ಬೇಕೆಂದರೆ ಜೆಟ್ಟಿನ ತೂತಿನ ವ್ಯಾಸ ಸುಮಾರು ನೂರಕ್ಕೆ ಐದರಷ್ಟು ಹೆಚ್ಚಬೇಕು; ಆ ಅಳತೆಯದನ್ನೂ ಇನ್ನೂ ಎರಡು ಹಂತ ದೊಡ್ಡ ಜೆಟ್ಟುಗಳನ್ನೂ ಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಬಂದೆ. ಮಿಶ್ರಣ ದಪ್ಪವಾದರೆ ಗಾಡಿ ಗುಟುಗುಟು ಎಂದು ಮುಗ್ಗರಿಸುತ್ತದೆಯೇ ಹೊರತು ಪಿಸ್ಟನ್ ಹೋಗುವುದಿಲ್ಲ, ಆದ್ದರಿಂದ ಹುಡುಕಾಟ ಯಾವಾಗಲೂ ದಪ್ಪದ ಕಡೆಯಿಂದಲೇ ಬರಬೇಕು. ಪ್ಲಗ್ ನೋಡುವುದಕ್ಕೂ ಒಂದು ಕ್ರಮವಿದೆ: ಖಾಲಿ ನೇರ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಹಾಗೆಯೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಗಾಡಿ ನಿಂತ ಮೇಲೆ ಪ್ಲಗ್ ಬಿಚ್ಚಬೇಕು. ಮನೆಯವರೆಗೆ ನಿಧಾನವಾಗಿ ಬಂದು ಬಿಚ್ಚಿದ ಪ್ಲಗ್ಗು ಮೇನ್ ಜೆಟ್ಟಿನ ಸುದ್ದಿಯನ್ನು ಹೇಳುವುದಿಲ್ಲ, ನಿಧಾನ ಓಟಕ್ಕೆ ಪೆಟ್ರೋಲು ಕೊಡುವ ಪೈಲಟ್ ಜೆಟ್ಟಿನದ್ದನ್ನು ಹೇಳುತ್ತದೆ. ನನ್ನ ಗಾಡಿಯಲ್ಲಿ ಈಗಿರುವ ವಿಎಂ ಮಾದರಿಯ ಕಾರ್ಬ್ಯುರೇಟರಿನಲ್ಲಿ ಆಕ್ಸಿಲರೇಟರಿನ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಅಧಿಕಾರ ಜೆಟ್ಟಿನೊಳಗೆ ಮೇಲೆ ಕೆಳಗೆ ಚಲಿಸುವ ಸೂಜಿಯದ್ದು, ಘಾಟಿಯಲ್ಲಿ ನಾವಿರುವುದೂ ಹೆಚ್ಚಾಗಿ ಅಲ್ಲೇ. ಅದರ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದ್ದರಿಂದ ಸೂಜಿ ಮೇಲೆದ್ದು, ಏರಿನಲ್ಲಿ ಕೇಳಿಸುತ್ತಿದ್ದ ಸಣ್ಣ ಕಿಣಿಕಿಣಿ ಶಬ್ದ ನಿಂತಿತು. ಘಾಟಿಯ ಕೆಳಗಿನ ಮುಂಡಾಜೆಯ ಎತ್ತರಕ್ಕೆ ಸರಿಯಾಗುವಂತೆ ಹೊಂದಿಸಿರುವುದರಿಂದ ಹಾಸನದ ಬೆಳಗಿನ ಚಳಿಯಲ್ಲಿ ಗಾಡಿ ತುಸು ಮಂಕು, ಪೆಟ್ರೋಲೂ ತುಸು ಹೆಚ್ಚು ಕುಡಿಯುತ್ತದೆ. ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ಎಂಜಿನ್ನಿಗೆ ಇಷ್ಟೆಲ್ಲ ಮಾಡಿದ ಮೇಲೂ ಘಾಟಿಯಲ್ಲಿ ನನ್ನ ವೇಗ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ತಿರುವಿನ ನಡುವೆ ಒಂದು ಸಣ್ಣ ಗುಂಡಿ ಬಂದರೆ ಹಿಂದಿನ ಚಕ್ರ ನೆಲ ಬಿಟ್ಟು ಪಕ್ಕಕ್ಕೆ ಕುಪ್ಪಳಿಸುತ್ತಿತ್ತು, ಬ್ರೇಕ್ ಒತ್ತಿದರೆ ಮೂತಿ ಪಾತಾಳಕ್ಕಿಳಿಯುತ್ತಿತ್ತು. ಮೊದಲೇ ಸಸ್ಪೆನ್ಷನ್ನಿನಿಂದ ಆರಂಭಿಸಬೇಕಿತ್ತು ಎಂದು ಈಗ ಅನಿಸುತ್ತದೆ, ಏಕೆಂದರೆ ಅದಕ್ಕೆ ಖರ್ಚಾದದ್ದು ಬೋರ್ ಮಾಡಿಸಿದ ಹಣಕ್ಕಿಂತ ಕಡಿಮೆ, ಸಿಕ್ಕ ಲಾಭ ಹೆಚ್ಚು.

ಸ್ಪ್ರಿಂಗು, ಎಣ್ಣೆ ಎನ್ನುವ ಮೊದಲು ಸಡಿಲವಾದದ್ದನ್ನೆಲ್ಲ ಬಿಗಿಮಾಡಬೇಕು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಎಡಬಲಕ್ಕೆ ಅಲುಗಿಸಿದಾಗ ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸವೆದು ಚಕ್ರದ ಬಳಿ ಮೂರು ಮಿಲಿಮೀಟರಿನಷ್ಟು ಆಡುತ್ತಿತ್ತು. ಹ್ಯಾಂಡಲ್ಲಿನ ಕತ್ತಿನ ಬೇರಿಂಗಿನ ಬಟ್ಟಲುಗಳಲ್ಲಿ ಗುಂಡುಗಳು ಕೂತು ಕೂತು ಸಣ್ಣ ಕುಳಿಗಳಾಗಿದ್ದವು. ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದರೆ ನೇರಕ್ಕೆ ಬಂದಾಗ ಟಕ್ಕನೆ ನಿಲ್ಲುತ್ತಿತ್ತು. ಎರಡನ್ನೂ ಬದಲಿಸಿ, ಚಕ್ರದ ಕಡ್ಡಿಗಳನ್ನು (ಸ್ಪೋಕ್) ಸ್ಪ್ಯಾನರಿನಿಂದ ತಟ್ಟಿ ನಾದ ಕೇಳಿ ಸಡಿಲವಾದವನ್ನು ಬಿಗಿಸಿ, ಎರಡೂ ಟೈರುಗಳಲ್ಲಿ 35 ಪೌಂಡು ತುಂಬಿಸಿಟ್ಟಿದ್ದ ಗಾಳಿಯನ್ನು ಮುಂದೆ 24, ಹಿಂದೆ 28ಕ್ಕೆ ಇಳಿಸಿದೆ. ಅಷ್ಟಕ್ಕೇ ಗಾಡಿ ಬೇರೆಯಾಯಿತು.

ಆಮೇಲೆ ಸ್ಯಾಗ್ ಅಳೆಯುವುದು. ಸವಾರ ಕೂತಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಎಂಬುದೇ ಸ್ಯಾಗ್. ರಸ್ತೆಯ ಗಾಡಿಗೆ ಅದು ಒಟ್ಟು ಚಲನೆಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಚಕ್ರವು ಉಬ್ಬಿನ ಮೇಲೆ ಏರಲು ಜಾಗ ಬೇಕಾದಂತೆಯೇ ಗುಂಡಿಯೊಳಕ್ಕೆ ಇಳಿಯಲೂ ಜಾಗ ಬೇಕು. ಆ ಇಳಿಯುವ ಜಾಗವೇ ಸ್ಯಾಗ್. ಇಬ್ಬರು ಬೇಕು, ಒಂದು ಅಳತೆ ಪಟ್ಟಿ ಸಾಕು. ಚಕ್ರ ಗಾಳಿಯಲ್ಲಿರುವಾಗ ಅಚ್ಚಿನಿಂದ ಮೇಲಿನ ಒಂದು ಗುರುತಿನವರೆಗೆ ಅಳೆದು, ಹೆಲ್ಮೆಟ್ಟು ಶೂಗಳೊಡನೆ ಕೂತು ಮತ್ತೆ ಅಳೆಯಬೇಕು; ಒಮ್ಮೆ ಕೆಳಕ್ಕೊತ್ತಿ ಬಿಟ್ಟು, ಇನ್ನೊಮ್ಮೆ ಮೇಲಕ್ಕೆತ್ತಿ ಬಿಟ್ಟು, ಎರಡರ ಸರಾಸರಿ ಹಿಡಿಯಬೇಕು, ಏಕೆಂದರೆ ಹಳೆಯ ಸೀಲುಗಳ ಘರ್ಷಣೆ ಸುಳ್ಳು ಹೇಳಿಸುತ್ತದೆ. ನನ್ನ ಗಾಡಿಯ ಹಿಂಭಾಗದಲ್ಲಿ ಒಟ್ಟು 85 ಮಿಲಿಮೀಟರಿಗೆ ಸ್ಯಾಗ್ ಕೇವಲ 12 ಇತ್ತು. ಮುಂಭಾಗದಲ್ಲಿ 120ಕ್ಕೆ 52. ಹಿಂದೆ ಎತ್ತಿ, ಮುಂದೆ ಕುಸಿದು, ಗಾಡಿ ಸದಾ ಇಳಿಜಾರಿನಲ್ಲಿದ್ದಂತೆ ನಿಂತಿತ್ತು.

ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗಿನ ಹಲ್ಲಿನ ಕಾಲರನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಮೆಕ್ಯಾನಿಕ್ಕುಗಳೂ ಹೇಳುತ್ತಾರೆ. ಆದರೆ ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯಲ್ಲಿದೆ. ಕಾಲರ್ ತಿರುಗಿಸಿದರೆ ಬದಲಾಗುವುದು ಗಾಡಿ ನಿಲ್ಲುವ ಎತ್ತರ, ಅಂದರೆ ಸ್ಯಾಗ್ ಮಾತ್ರ. ಸ್ಯಾಗೇ ಇಲ್ಲದಷ್ಟು ಎತ್ತರಿಸಿದರೆ ಸಸ್ಪೆನ್ಷನ್ ಪ್ರತಿ ಗುಂಡಿಯಲ್ಲೂ ಪೂರ್ತಿ ಚಾಚಿ ತುದಿಗೆ ಬಡಿಯುತ್ತದೆ, ಅದನ್ನೇ ನಾವು ಗಡಸು ಎನ್ನುತ್ತೇವೆ. ಐದು ಹಂತಗಳಲ್ಲಿ ಎರಡನೆಯದಕ್ಕೆ ಇಳಿಸಿದಾಗ 72 ಕಿಲೋ ತೂಗುವ ನನಗೆ 27 ಮಿಲಿಮೀಟರ್ ಸಿಕ್ಕಿತು. ಹೆಂಡತಿ ಜೊತೆಗೆ ಬಂದರೆ ನಾಲ್ಕನೆಯದಕ್ಕೆ ಏರಿಸುತ್ತೇನೆ. ಮುಂದಿನ ಫೋರ್ಕಿನಲ್ಲಿ ಇಂಥ ಕಾಲರಿಲ್ಲ. ಸ್ಪ್ರಿಂಗಿನ ಮೇಲೆ 12 ಮಿಲಿಮೀಟರ್ ಎತ್ತರದ ಅಲ್ಯುಮಿನಿಯಂ ಬಿಲ್ಲೆಗಳನ್ನು ಲೇತಿನಲ್ಲಿ ಕಡೆಸಿ ಇಟ್ಟದ್ದರಿಂದ 52 ಇದ್ದದ್ದು 40ಕ್ಕೆ ಬಂತು.

ಇನ್ನು ಫೋರ್ಕಿನ ಎಣ್ಣೆ. ಬಿಚ್ಚಿದಾಗ ಹೊರಬಂದದ್ದು ಎಣ್ಣೆಯಲ್ಲ, ಬೂದು ಬಣ್ಣದ ಗಂಜಿ. ಎಡಗಾಲಿನಲ್ಲಿ ಬಲಗಾಲಿನ ಅರ್ಧದಷ್ಟೂ ಇರಲಿಲ್ಲ. ಗಟ್ಟಿ ಎಣ್ಣೆ ಹಾಕಿದರೆ ಮೂತಿ ಕುಸಿಯುವುದು ನಿಲ್ಲುತ್ತದೆಂದು ಮೊದಲು 20 ದರ್ಜೆಯದನ್ನು ಹಾಕಿದೆ. ಬ್ರೇಕಿನಲ್ಲಿ ಒಳ್ಳೆಯದೆನಿಸಿತು, ಆದರೆ ಬೇಲೂರಿನಿಂದ ಮುಂದೆ ಸಾಲುಸಾಲು ಸಣ್ಣ ಉಬ್ಬುಗಳು ಬಂದಾಗ ಒಂದು ಉಬ್ಬಿಗೆ ಕುಸಿದ ಫೋರ್ಕು ಮೇಲೇಳುವ ಮೊದಲೇ ಮುಂದಿನದು ಬಂದು, ಹೀಗೆ ಕುಸಿಯುತ್ತಾ ಹೋಗಿ ಕೊನೆಗೆ ಕಬ್ಬಿಣದ ಸರಳಿನಂತಾಯಿತು. ಈ ಸರಳ ಫೋರ್ಕುಗಳಲ್ಲಿ ಕುಸಿತಕ್ಕೂ ಮೇಲೇಳುವಿಕೆಗೂ ಒಂದೇ ಎಣ್ಣೆ, ಒಂದನ್ನು ಬಿಗಿಮಾಡಿದರೆ ಇನ್ನೊಂದೂ ಬಿಗಿಯುತ್ತದೆ. 10 ಮತ್ತು 20 ದರ್ಜೆಗಳನ್ನು ಸಮವಾಗಿ ಬೆರೆಸಿ, ಎರಡೂ ಕಾಲುಗಳಲ್ಲಿ ಎಣ್ಣೆಯ ಮಟ್ಟವನ್ನು ಸಿರಿಂಜು ಮತ್ತು ಅಳತೆಕಡ್ಡಿಯಿಂದ ಮಿಲಿಮೀಟರಿನವರೆಗೆ ಸಮ ಮಾಡಿದೆ. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ ಆದ್ದರಿಂದ ಮಟ್ಟವನ್ನು ಐದು ಮಿಲಿಮೀಟರ್ ಏರಿಸಿದಾಗ ಚಲನೆಯ ಕೊನೆಯ ಭಾಗ ಮಾತ್ರ ಗಟ್ಟಿಯಾಗಿ, ಬ್ರೇಕಿನಲ್ಲಿ ತಳ ಬಡಿಯುವುದು ನಿಂತಿತು. ಈಗ ಹ್ಯಾಂಡಲ್ ಒತ್ತಿ ಬಿಟ್ಟರೆ ಒಮ್ಮೆ ಮೇಲೆದ್ದು ಅಲ್ಲೇ ನಿಲ್ಲುತ್ತದೆ.

ಇವೆಲ್ಲ ಮುಗಿದ ಮೇಲೆ ಡಿಸೆಂಬರಿನಲ್ಲಿ ಬೆಳ್ತಂಗಡಿಯಿಂದ ಮರಳುವಾಗ ಘಾಟಿಯನ್ನು ಬಹುಪಾಲು ಮೂರನೇ ಗೇರಿನಲ್ಲೇ ಹತ್ತಿದೆ, ಕಡಿದಾದ ತಿರುವುಗಳಲ್ಲಷ್ಟೇ ಎರಡನೆಯದು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ, ಕಾಫಿಪುಡಿಯ ಬಣ್ಣವಿತ್ತು. ಹಿಂದಿನ ಎಡಗಡೆಯ ಶಾಕ್ ಅಬ್ಸಾರ್ಬರಿನ ಕಡ್ಡಿಯ ಮೇಲೆ ಮಾತ್ರ ತೆಳುವಾಗಿ ಎಣ್ಣೆ ಒಸರಿತ್ತು. ಅದನ್ನು ಬಿಚ್ಚಿ ಸೀಲು ಹಾಕುವಂತಿಲ್ಲ, ಜೋಡಿಯನ್ನೇ ಬದಲಿಸಬೇಕು. ಈ ಸಲ ಕೊಳ್ಳುವ ಮೊದಲು ಸ್ಪ್ರಿಂಗಿನ ಮೇಲೆ ತೂಕವಿಟ್ಟು ಅಳೆಯುತ್ತೇನೆಂದು ಅಂಗಡಿಯವರಿಗೆ ಹೇಳಿದ್ದೇನೆ, ಅವರು ಇನ್ನೂ ಉತ್ತರ ಕೊಟ್ಟಿಲ್ಲ.